ಕನ್ನಡಿಯೊಳಗಿನ ಗಂಟು

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮ್ಮ ಹಿರಿಯರದು. ಅವರು ಇವತ್ತು ಇದ್ದಿದ್ದರೆ, ನಮ್ಮ ಹೈಸ್ಕೂಲುಗಳಿಗೆ ಹೊಸ ತಂತ್ರಜ್ಞಾನ ತರುತ್ತೇವೆಂದು ಬ್ಯಾಗು ಹೆಗಲಿಗೇರಿಸಿಕೊಂಡು ಬರುವವರನ್ನು ತೋರಿಸಿಯೇ ಈ ಗಾದೆ ಹೇಳುತ್ತಿದ್ದರೇನೋ. ಹಾಗೆಂದು ನಾನು ಮಲ್ಲಿಗೆಯ ವಿರೋಧಿಯಲ್ಲ. ಮುಡಿಯುವ ತಲೆ ಯಾವುದು, ಕೊಯ್ದವರು ಯಾರು, ಬೆಲೆ ಕೊಟ್ಟವರು ಯಾರು ಎಂದು ಕೇಳಬೇಕೆನ್ನುವವಳು. ಅಷ್ಟನ್ನು ಕೇಳುವ ಹಕ್ಕು ಅಮ್ಮಂದಿರಾದ ನಮಗೆ ಇಲ್ಲವೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನ್ನುತ್ತಾರೆ. ಕಂದಾಯದ ಲೆಕ್ಕದಲ್ಲಿ ನಾವು ತುಮಕೂರಿನವರು, ಪಾಠದ ಲೆಕ್ಕದಲ್ಲಿ ಮಾತ್ರ ಬೇರೆ ಮನೆ. ಈ ನಾಲ್ಕೂ ಕಡೆ ನಾನು ವಿಜ್ಞಾನದ ಪಾಠ ಹೇಳಿದ್ದೇನೆ. ಬಸ್ಸಿನ ಧೂಳು ಕುಡಿದಿದ್ದೇನೆ, ಕಡಲೆಕಾಯಿ ಕೀಳುವ ಕಾಲದಲ್ಲಿ ಅರ್ಧ ತರಗತಿ ಖಾಲಿಯಾಗುವುದನ್ನು ಕಂಡಿದ್ದೇನೆ. ಆದ್ದರಿಂದ ಈಗ ಹೇಳುವ ಮಾತು ಪುಸ್ತಕದ್ದಲ್ಲ, ಬೆಂಚುಗಳ ನಡುವೆ ಓಡಾಡಿ ಕಲಿತದ್ದು.

ಮಾತು ಆಗ್ಮೆಂಟೆಡ್ ರಿಯಾಲಿಟಿಯದು. ಕನ್ನಡದಲ್ಲಿ ವರ್ಧಿತ ವಾಸ್ತವ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಫೋನಿನ ಕ್ಯಾಮೆರಾವನ್ನು ಪುಸ್ತಕದ ಒಂದು ಚಿತ್ರದ ಮೇಲೆ ಹಿಡಿದರೆ, ಪರದೆಯಲ್ಲಿ ಆ ಪುಟದ ಮೇಲೆಯೇ ಒಂದು ಹೃದಯ ಎದ್ದು ನಿಂತು ಡಬಡಬ ಬಡಿದುಕೊಳ್ಳುತ್ತದೆ. ನೀವು ಸುತ್ತ ಹೋದರೆ ಅದರ ಬೆನ್ನು ಕಾಣುತ್ತದೆ, ಹತ್ತಿರ ಹೋದರೆ ಕವಾಟ ಕಾಣುತ್ತದೆ. ಮೇಜು ನಿಜ, ಪುಸ್ತಕ ನಿಜ, ಹೃದಯ ಮಾತ್ರ ಇಲ್ಲ. ಕ್ಯಾಮೆರಾ ಕಂಡದ್ದನ್ನು ಯಂತ್ರ ಗುರುತು ಹಿಡಿದು, ಎಲ್ಲಿ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಿ, ಅದರ ಮೇಲೆ ತನ್ನ ಚಿತ್ರವನ್ನು ಹೊಂದಿಸಿ ಕೂರಿಸುತ್ತದೆ. ನಮ್ಮ ಅಜ್ಜಿಯರು ಕನ್ನಡಿಯೊಳಗಿನ ಗಂಟು ಎನ್ನುತ್ತಿದ್ದರಲ್ಲ, ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ - ಅದೇ ಇದು.

ಈ ಹೆಸರು ಹುಟ್ಟಿದ್ದು ಶಾಲೆಯಲ್ಲಲ್ಲ. 1990 ರ ದಶಕದ ಆರಂಭದಲ್ಲಿ ಅಮೆರಿಕದ ಬೋಯಿಂಗ್ ವಿಮಾನ ಕಂಪನಿಯಲ್ಲಿ ಟಾಮ್ ಕಾಡೆಲ್ ಎಂಬ ಸಂಶೋಧಕರು ಇದನ್ನು ಬಳಕೆಗೆ ತಂದರು. ವಿಮಾನದೊಳಗೆ ಹಾಯುವ ನೂರಾರು ತಂತಿಗಳನ್ನು ಕಾರ್ಮಿಕರು ದೊಡ್ಡ ಹಲಗೆಗಳ ಮೇಲೆ ಜೋಡಿಸುತ್ತಿದ್ದರು. ಯಾವ ತಂತಿ ಎಲ್ಲಿಗೆ ಎಂದು ಮತ್ತೆ ಮತ್ತೆ ನಕ್ಷೆ ನೋಡುವ ಕಷ್ಟ ತಪ್ಪಿಸಲು, ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಸಾಧನದಲ್ಲಿ ಆ ದಾರಿಯನ್ನು ಹಲಗೆಯ ಮೇಲೆಯೇ ತೋರಿಸುವ ಯೋಚನೆ ಅದು. ಗಮನಿಸಿ, ಕೈ ಕೆಲಸ ಮಾಡುತ್ತಿತ್ತು, ಯಂತ್ರ ಆ ಕೈಗೆ ದಾರಿ ತೋರಿಸುತ್ತಿತ್ತು. ಕೈಯನ್ನು ಕಟ್ಟಿಹಾಕಿ ಕಣ್ಣಿಗೆ ಮಾತ್ರ ಹಬ್ಬ ಮಾಡುವುದು ಆಮೇಲೆ ಬಂದ ವ್ಯಾಪಾರ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಹತ್ತನೆಯ ತರಗತಿಗೆ ಹೃದಯದ ಪಾಠ ಮಾಡುವಾಗ ನಾನು ಮಾಂಸದಂಗಡಿಯಿಂದ ಕುರಿಯ ಹೃದಯ ತರಿಸುತ್ತಿದ್ದೆ. ಕುರಿ ಸಾಕುವ ಸೀಮೆ ನಮ್ಮದು, ಅದಕ್ಕೇನೂ ಬರವಿಲ್ಲ. ಮೊದಲು ಹುಡುಗಿಯರು ಮೂಗು ಮುಚ್ಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಬ್ಬಳು ಬೆರಳಿಟ್ಟು ನೋಡುತ್ತಿದ್ದಳು. ಎಡಗಡೆಯ ಗೋಡೆ ದಪ್ಪ, ಬಲಗಡೆಯದು ತೆಳು ಎಂದು ಬೆರಳಿಗೆ ತಿಳಿದೊಡನೆ, 'ಯಾಕೆ ಮಿಸ್ ಹೀಗೆ?' ಎಂಬ ಪ್ರಶ್ನೆ ತಾನಾಗಿ ಬರುತ್ತಿತ್ತು. ಇಡೀ ದೇಹಕ್ಕೆ ರಕ್ತ ನೂಕುವ ಕಡೆಗೆ ಬಲ ಹೆಚ್ಚು ಬೇಕು, ಪಕ್ಕದ ಶ್ವಾಸಕೋಶಕ್ಕೆ ನೂಕುವ ಕಡೆಗೆ ಅಷ್ಟು ಬೇಡ ಎಂಬ ಉತ್ತರ ಆ ಪ್ರಶ್ನೆಯ ಬೆನ್ನಿಗೇ ಬರುತ್ತಿತ್ತು. ಯಾರೂ ಉರು ಹೊಡೆಯಬೇಕಾಗಿರಲಿಲ್ಲ.

ಆದರೆ ಸತ್ತ ಕುರಿಯ ಹೃದಯ ಬಡಿದುಕೊಳ್ಳುವುದಿಲ್ಲ. ಕವಾಟ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು, ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಎಂದು ತೋರಿಸಲು ನಾನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹಾಕಿ ಸೀಮೆಸುಣ್ಣ ಸವೆಸಿದ್ದೇನೆ. ವರ್ಧಿತ ವಾಸ್ತವದ ಹೃದಯ ಆ ಕೆಲಸವನ್ನು ಅರ್ಧ ನಿಮಿಷದಲ್ಲಿ ಮಾಡುತ್ತದೆ. ಪರಮಾಣುಗಳು ಸೇರಿ ಅಣುವಾಗುವುದು, ಭೂಮಿ ಚಂದ್ರ ಸೂರ್ಯರ ನೆರಳಾಟ, ಕಣ್ಣಿನೊಳಗೆ ಬೆಳಕು ಬಾಗುವುದು - ಇಂಥವನ್ನು ಸಮತಟ್ಟಾದ ಚಿತ್ರದಲ್ಲಿ ನೋಡಿ ಅರ್ಥ ಮಾಡಿಕೊಳ್ಳುವುದು ಮಕ್ಕಳಿಗೆ ಕಷ್ಟ. ತಿರುಗಿಸಿ ನೋಡುವಂತಿದ್ದರೆ ಸುಲಭ. ಇದನ್ನು ಒಪ್ಪದವಳು ವಿಜ್ಞಾನದ ಮೇಷ್ಟ್ರೇ ಅಲ್ಲ.

ಹಾಗಾದರೆ ಜಗಳ ಎಲ್ಲಿ? ಜಗಳ ಕುರಿಯ ಹೃದಯವನ್ನು ತರಗತಿಯಿಂದ ಆಚೆ ಹಾಕಿ ಪರದೆಯ ಹೃದಯವನ್ನು ತರುತ್ತೇವೆ ಎನ್ನುವವರ ಜೊತೆಗೆ. ಮತ್ತು ಆ ಪರದೆ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳದವರ ಜೊತೆಗೆ.

ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಮ್ಮ ಕಡೆಯ ಒಂದು ಶಾಲೆಯಲ್ಲಿ - ಹೆಸರು ಬೇಡ - ಇಂಥ ಒಂದು ಪ್ರದರ್ಶನ ನಡೆದಾಗ ನಾನಿದ್ದೆ. ಅರವತ್ತು ಮಕ್ಕಳು, ಎಂಟು ಟ್ಯಾಬು. ಬಂದವರು ಚೆನ್ನಾಗಿಯೇ ಮಾತಾಡಿದರು. ಮೇಜಿನ ಮೇಲೆ ಗ್ರಹಗಳು ತಿರುಗಿದವು, ಮಕ್ಕಳು ಹೋ ಎಂದರು. ನಾನು ಗ್ರಹಗಳನ್ನು ನೋಡಲಿಲ್ಲ, ಕೈಗಳನ್ನು ನೋಡಿದೆ. ಎಂಟೂ ಟ್ಯಾಬು ಹುಡುಗರ ಕೈಯಲ್ಲಿದ್ದವು. ಹುಡುಗಿಯರು ಹಿಂದೆ ನಿಂತು, ಕಾಲ್ಬೆರಳ ಮೇಲೆ ಎದ್ದು, ಹುಡುಗರ ಭುಜದ ಸಂದಿಯಿಂದ ಶನಿಯ ಬಳೆ ನೋಡುತ್ತಿದ್ದರು. ಯಾರೂ ಅವರನ್ನು ತಳ್ಳಿರಲಿಲ್ಲ. ತಾವಾಗಿಯೇ ಹಿಂದೆ ಸರಿದಿದ್ದರು. ಮನೆಯಲ್ಲಿ ಕಲಿತ ಪಾಠ ಅದು. ನಾನು ನಾಲ್ಕು ಟ್ಯಾಬನ್ನು ಇಸಿದುಕೊಂಡು ಹುಡುಗಿಯರ ಕೈಗೆ ಕೊಟ್ಟಾಗ ಒಬ್ಬಳು, 'ಬೇಡ ಮಿಸ್, ಏನಾದ್ರೂ ಆದ್ರೆ?' ಎಂದಳು. ಯಂತ್ರ ಕೆಟ್ಟರೆ ಎಂಬ ಭಯ ಹುಡುಗರಿಗೆ ಯಾಕಿಲ್ಲ? ಹೇಳಿ ನೋಡೋಣ.

ಇದು ನನ್ನೊಬ್ಬಳ ಕಣ್ಣಿಗೆ ಕಂಡದ್ದಲ್ಲ. ಗ್ರಾಮೀಣ ಭಾರತದ ಶಿಕ್ಷಣದ ಸ್ಥಿತಿ ಹೇಳುವ ಅಸರ್ ವರದಿ 2024 ರಲ್ಲಿ ಇದನ್ನೇ ಹೇಳಿತು. ಸ್ಮಾರ್ಟ್‌ಫೋನ್ ಬಳಸಬಲ್ಲ 14 ರಿಂದ 16 ವಯಸ್ಸಿನ ಮಕ್ಕಳಲ್ಲಿ ತಮ್ಮದೇ ಫೋನ್ ಇದೆ ಎಂದ ಹುಡುಗರು ನೂರಕ್ಕೆ ಸುಮಾರು 36, ಹುಡುಗಿಯರು ಸುಮಾರು 27. ಕೋವಿಡ್ ಕಾಲ ನೆನಪಿದೆಯಲ್ಲ? 2020 ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಸರ್ಕಾರ ವಿದ್ಯಾಗಮ ಎಂಬ ಕಾರ್ಯಕ್ರಮ ತಂದಿತು. ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಎಲ್ಲೆಂದರಲ್ಲಿ ಪಾಠ ಮಾಡಿದರು. ಆಗ ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು: ಇಂಟರ್ನೆಟ್ ಇರುವ ಫೋನಿನವರು, ಬರೀ ಮಾತಾಡುವ ಫೋನಿನವರು, ಫೋನೇ ಇಲ್ಲದವರು. ಈ ವಿಂಗಡಣೆಗೆ ನಾಲ್ಕನೆಯ ಗುಂಪೊಂದನ್ನು ಸೇರಿಸಬೇಕಿತ್ತು ಎಂಬುದು ನನ್ನ ವಾದ. ಮನೆಯಲ್ಲಿ ಫೋನಿದೆ, ಆದರೆ ಅದು ಅಣ್ಣನ ಕೈಯಲ್ಲಿದೆ. ಅಣ್ಣನ ಕೈಯಲ್ಲಿ ಫೋನು, ತಂಗಿಯ ಕೈಯಲ್ಲಿ ಪೊರಕೆ. ಈ ಮನೆಗಳು ಸರ್ಕಾರದ ಪಟ್ಟಿಯಲ್ಲಿ 'ಫೋನ್ ಉಳ್ಳ ಕುಟುಂಬ' ಎಂದೇ ದಾಖಲಾಗುತ್ತವೆ.

'ಮನೆಯಲ್ಲಿ ಫೋನ್ ಹಿಡಿದು ಪಾಠದ ಚಿತ್ರ ನೋಡಿ ಬನ್ನಿ' ಎಂದು ಹೇಳುವ ವಿಜ್ಞಾನದ ಪಾಠ ಯಾವುದೇ ಇರಲಿ, ಅದು ಹುಡುಗಿಯರನ್ನು ಬಿಟ್ಟು ಮುಂದೆ ಹೋದ ಪಾಠ. ಪುಸ್ತಕದಲ್ಲಿ ಕ್ಯೂಆರ್ ಗುರುತು ಹಾಕಿ, ದೀಕ್ಷಾ ಎಂಬ ಜಾಲದಲ್ಲಿ ವಿಡಿಯೋ ಇಟ್ಟು, ಇನ್ನು ನಮ್ಮ ಜವಾಬ್ದಾರಿ ಮುಗಿಯಿತು ಎಂದರೆ ಆಗುವುದಿಲ್ಲ. ಎನ್‌ಸಿಇಆರ್‌ಟಿ ಕೂಡ ತನ್ನ ಪಠ್ಯಪುಸ್ತಕಗಳಿಗೆಂದು ಇ-ಪಾಠಶಾಲಾ ಎಆರ್ ಎಂಬ ಆಪ್ ಹೊರತಂದಿತ್ತು. ಒಳ್ಳೆಯ ಪ್ರಯತ್ನವೇ. ಆದರೆ ಇಂಥ ಆಪು ನಡೆಯಲು ತಕ್ಕಮಟ್ಟಿನ ಫೋನು ಬೇಕು, ಎಲ್ಲಿ ಹೇಗೆ ವಾಲಿದ್ದೇನೆಂದು ತನಗೆ ತಾನೇ ತಿಳಿಯುವ ಸೂಕ್ಷ್ಮ ಸಾಧನಗಳು ಅದರೊಳಗಿರಬೇಕು. ಕೂಲಿಯ ಮನೆಯಲ್ಲಿ ಇರುವ ಅಗ್ಗದ ಫೋನಿನಲ್ಲಿ ಅದು ಏಳುವುದೂ ಇಲ್ಲ, ನಿಲ್ಲುವುದೂ ಇಲ್ಲ.

ಇನ್ನು ಮೊದಲ ಪ್ರಶ್ನೆ. ಯಾವುದನ್ನು ಪರದೆಯಲ್ಲಿ ತೋರಿಸಬೇಕು, ಯಾವುದನ್ನು ಬಾರದು?

ಪಾವಗಡಕ್ಕೆ ಹೋಗೋಣ ಬನ್ನಿ. ತಿರುಮಣಿಯ ಸುತ್ತಮುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹಾಸಿವೆ. 2,050 ಮೆಗಾವಾಟ್ ಸಾಮರ್ಥ್ಯದ ಶಕ್ತಿಸ್ಥಳ, 2018 ರಲ್ಲಿ ಉದ್ಘಾಟನೆಯಾಯಿತು. ರೈತರು ಭೂಮಿ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಆ ಹಳ್ಳಿಯ ಮಗುವಿಗೆ ಟ್ಯಾಬಿನಲ್ಲಿ ಸೌರಫಲಕ ತೋರಿಸುವುದು, ಮೀನಿಗೆ ನೀರಿನ ಚಿತ್ರ ತೋರಿಸಿದ ಹಾಗೆ. ಆ ಮಗುವನ್ನು ಒಂದು ಸಣ್ಣ ಫಲಕ, ಒಂದು ಮೀಟರು ಕೊಟ್ಟು ಬಿಸಿಲಿಗೆ ನಿಲ್ಲಿಸಿ. ಬೆಳಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು, ಧೂಳು ಕೂತರೆ ಎಷ್ಟು, ಓರೆ ಇಟ್ಟರೆ ಎಷ್ಟು ಎಂದು ಬರೆದುಕೊಳ್ಳಲಿ. ಅದಾದ ಮೇಲೆ, ಆ ಫಲಕದ ಸಿಲಿಕಾನಿನ ಒಳಗೆ ಬೆಳಕು ಬಿದ್ದಾಗ ಎಲೆಕ್ಟ್ರಾನು ಏನು ಮಾಡಿತು ಎನ್ನುವುದಿದೆಯಲ್ಲ, ಅದನ್ನು ಯಾವ ಕಣ್ಣೂ ಕಾಣದು. ಅಲ್ಲಿ ಬರಲಿ ನಿಮ್ಮ ವರ್ಧಿತ ವಾಸ್ತವ!

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. 2007 ರಲ್ಲಿ ಅದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರೇ ಅವನ್ನು ಕಾಯುತ್ತಾರೆ. ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ಔಷಧಿಯ ಗಿಡಮೂಲಿಕೆಗಳಿವೆ. ಹೀಗಿರುವಾಗ, ಲಾಕ್‌ಡೌನ್ ದಿನಗಳಲ್ಲಿ ಮನೆಮನೆಯ ಹಜಾರದಲ್ಲಿ ಗೂಗಲ್‌ನ ಹುಲಿ ನಿಲ್ಲಿಸಿ ಮಕ್ಕಳ ಫೋಟೋ ತೆಗೆದೆವಲ್ಲ, ಅದನ್ನೇ ಜೀವವಿಜ್ಞಾನ ಎಂದುಕೊಂಡರೆ ಹೇಗೆ? ಕಗ್ಗಲಡುವಿನ ಹುಣಿಸೆಮರದ ಕೆಳಗೆ ಒಂದು ಗಂಟೆ ಕೂತು ಕೊಕ್ಕರೆ ಎಷ್ಟು ಸಲ ಮರಿಗೆ ತುತ್ತು ತಂದಿತು ಎಂದು ಎಣಿಸಿದ ಹುಡುಗಿ, ಎಣಿಸುವುದು ಏನೆಂದು ಕಲಿತಳು. ವಿಜ್ಞಾನದ ಮೊದಲ ಪಾಠ ಅದು.

ಎಲ್ಲಕ್ಕಿಂತ ಮುಖ್ಯ ನೀರು. ನಮ್ಮ ಕೊಳವೆಬಾವಿಗಳ ಫ್ಲೋರೈಡಿನ ಕಥೆ ನಿಮಗೆ ಹೊಸದಲ್ಲ. ಪಾವಗಡದ ಕಡೆ ನಕ್ಕರೆ ಹಲ್ಲಿನ ಕಂದು ಕಲೆ ಕಾಣುತ್ತದೆಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಗುವ ಹೆಣ್ಣುಮಕ್ಕಳಿದ್ದಾರೆ. ಮದುವೆಯ ಮಾತುಕತೆಯಲ್ಲಿ ಹಲ್ಲು ನೋಡಿ ಎದ್ದುಹೋದವರಿದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5 ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಅದಕ್ಕಿಂತ ಹೆಚ್ಚಾದರೆ ಮೊದಲು ಹಲ್ಲು, ವರ್ಷಗಟ್ಟಲೆ ಕುಡಿದರೆ ಮೂಳೆ. ಈ ನೀರನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಜಿರ್ಕೋನಿಯಂ ಮತ್ತು ಅಲಿಜರಿನ್ ಸೇರಿಸಿದ ಕೆಂಪು ದ್ರಾವಣಕ್ಕೆ ಫ್ಲೋರೈಡಿನ ನೀರು ಬಿದ್ದರೆ ಕೆಂಪು ಕಳೆದು ಹಳದಿಗೆ ತಿರುಗುತ್ತದೆ. ಬಣ್ಣದ ಪಟ್ಟಿಯ ಜೊತೆ ಹೋಲಿಸಿದರೆ ಎಷ್ಟಿದೆಯೆಂದು ಅಂದಾಜು ಸಿಗುತ್ತದೆ. ತನ್ನ ಮನೆಯ ಬಿಂದಿಗೆಯ ನೀರು ತನ್ನ ಕಣ್ಣೆದುರೇ ಬಣ್ಣ ಬದಲಿಸಿದ್ದನ್ನು ಕಂಡ ಹುಡುಗಿ ಸಾಯಂಕಾಲ ಮನೆಗೆ ಹೋಗಿ ಸುಮ್ಮನಿರುತ್ತಾಳೆಯೇ? ಪಂಚಾಯಿತಿಯ ಶುದ್ಧ ನೀರಿನ ಘಟಕ ಯಾಕೆ ಕೆಟ್ಟು ನಿಂತಿದೆ ಎಂದು ಕೇಳುತ್ತಾಳೆ. ಪರದೆಯ ಮೇಲೆ ಎಷ್ಟೇ ಅಂದವಾದ ಹಲ್ಲನ್ನು ತಿರುಗಿಸಿ ತೋರಿಸಿದರೂ ಆ ಪ್ರಶ್ನೆ ಹುಟ್ಟುವುದಿಲ್ಲ. ನನಗೆ ಅನುಮಾನ, ಕೆಲವರಿಗೆ ಆ ಪ್ರಶ್ನೆ ಹುಟ್ಟದಿರುವುದೇ ಅನುಕೂಲ.

ಕಣ್ಣಿಗೆ ಕಾಣುವುದನ್ನು ಕಣ್ಣಿಗೆ ಬಿಡಿ, ಕೈಗೆ ಎಟುಕುವುದನ್ನು ಕೈಗೆ ಬಿಡಿ, ಎರಡಕ್ಕೂ ನಿಲುಕದ್ದಕ್ಕೆ ಯಂತ್ರ ತನ್ನಿ. ನನ್ನ ವಾದವೆಲ್ಲ ಇಷ್ಟೇ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. 'ಮೇಡಂ, ಪ್ರಯೋಗಶಾಲೆಯೇ ಇಲ್ಲದ ಶಾಲೆಗಳಿವೆ. ಒಂದು ಗಾಜಿನ ಸಾಮಾನೂ ಇಲ್ಲದ ಕಡೆ ಇದಾದರೂ ಇರಲಿ ಬಿಡಿ.' ಈ ಮಾತು ದಯೆಯಿಂದ ಬಂದದ್ದೇ ಇರಬಹುದು. ಆದರೆ ದಯೆಯ ಮಾತುಗಳನ್ನೇ ನಾವು ಹೆಚ್ಚು ಎಚ್ಚರದಿಂದ ಕೇಳಬೇಕು. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಚಟುವಟಿಕೆ ಮೆಗ್ನೀಸಿಯಂ ತಂತಿ ಉರಿಸುವುದು. ಅದಕ್ಕೆ ಬೇಕಾದದ್ದು ಬೆರಳುದ್ದದ ತಂತಿ, ಒಂದು ಇಕ್ಕಳ, ಒಂದು ದೀಪ. ಆಮ್ಲ ಪ್ರತ್ಯಾಮ್ಲಕ್ಕೆ ನಿಂಬೆಹಣ್ಣು, ಅಡುಗೆಸೋಡಾ, ಅರಿಶಿನ ಸಾಕು. ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುವುದನ್ನು ನಾವು ಹೆಂಗಸರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಷ್ಟು ಸಲ ನೋಡಿಲ್ಲ! ಮನು ಪ್ರಕಾಶ್ ಎಂಬ ನಮ್ಮ ದೇಶದ ವಿಜ್ಞಾನಿ ಅಮೆರಿಕದಲ್ಲಿ ಕುಳಿತು ಕಾಗದ ಮಡಚಿ ಮಾಡಿದ ಸೂಕ್ಷ್ಮದರ್ಶಕಕ್ಕೆ ಸಾಮಾನಿನ ಖರ್ಚು ಒಂದು ಡಾಲರಿಗೂ ಕಡಿಮೆ. ಅರವಿಂದ ಗುಪ್ತಾ ಅವರು ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದವರು, 2018 ರಲ್ಲಿ ಪದ್ಮಶ್ರೀ ಪಡೆದವರು. ಆದ್ದರಿಂದ ಪ್ರಯೋಗಶಾಲೆ ಇಲ್ಲ ಎನ್ನುವುದು ಅರ್ಧ ಸತ್ಯ. ಇಲ್ಲದಿರುವುದು ಸಮಯ. ಇಲ್ಲದಿರುವುದು ಮೇಷ್ಟ್ರು. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕಿಯನ್ನು ಹಾಕಿ, ಅವಳ ಸಂಬಳವನ್ನು ತಿಂಗಳುಗಟ್ಟಲೆ ತಡೆದು, ಗಣಿತ ಭೌತಶಾಸ್ತ್ರ ಎರಡನ್ನೂ ಅವಳ ತಲೆಗೆ ಕಟ್ಟಿ, ಪರೀಕ್ಷೆಯ ಫಲಿತಾಂಶ ಯಾಕೆ ಕಡಿಮೆಯಾಯಿತೆಂದು ಅವಳನ್ನೇ ನಿಲ್ಲಿಸಿ ಕೇಳಿದರೆ, ಅವಳು ನಿಂಬೆಹಣ್ಣು ತರುತ್ತಾಳೆಯೇ? ಆ ಜಾಗದಲ್ಲಿ ಟ್ಯಾಬು ತಂದಿಟ್ಟರೆ ಅದೂ ಬೀರು ಸೇರುತ್ತದೆ.

ಬೀರು ಸೇರಿದ ಯಂತ್ರಗಳ ಪಟ್ಟಿ ಚಿಕ್ಕದಲ್ಲ. 2004 ರಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು, ನಮ್ಮ ರಾಜ್ಯದ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಅದರ ಮೂಲಕ ಪಾಠ ಬಂತು. 2010 ರಲ್ಲಿ ಆ ಉಪಗ್ರಹದ ಆಯುಸ್ಸು ಮುಗಿಯಿತು. ಈ ಶತಮಾನದ ಆರಂಭದಲ್ಲಿ ಮಾಹಿತಿ ಸಿಂಧು ಎಂದು ಹೈಸ್ಕೂಲುಗಳಿಗೆ ಕಂಪ್ಯೂಟರು ಬಂದವು. ನಾನು ಕಂಡ ಒಂದು ಕೊಠಡಿಯಲ್ಲಿ ಕಂಪ್ಯೂಟರುಗಳಿಗೆ ಹೂವಿನ ಚಿತ್ತಾರದ ಕವಚ ಹೊಲಿಸಿ ಹಾಕಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಗೆ ತೆಗೆಯುತ್ತಿದ್ದರು. ದೊಡ್ಡ ಕಂಪನಿಗಳ ಕಥೆಯೂ ಬೇರೆಯಲ್ಲ. ಗೂಗಲ್ ಎಕ್ಸ್‌ಪೆಡಿಷನ್ಸ್ ಎಂಬ ಆಪ್‌ನಲ್ಲಿ ಶಾಲೆಗಳಿಗೆಂದೇ ಇಂಥ ಚಿತ್ರಗಳನ್ನು ಕೊಟ್ಟಿತ್ತು. 2021 ರಲ್ಲಿ ಅದನ್ನು ನಿಲ್ಲಿಸಿತು. ನೆಚ್ಚಿಕೊಂಡ ಮೇಷ್ಟ್ರುಗಳನ್ನು ಕೇಳಿದವರು ಯಾರು? ನಿಂಬೆಹಣ್ಣನ್ನು ಯಾವ ಕಂಪನಿಯೂ ನಿಲ್ಲಿಸುವುದಿಲ್ಲ.

ಯಂತ್ರವಿಲ್ಲದೆಯೂ ದೊಡ್ಡ ಕೆಲಸ ಆಗಿತ್ತು ಎಂಬುದಕ್ಕೆ ಮಧ್ಯಪ್ರದೇಶದ ಹೋಶಂಗಾಬಾದ್ ಸಾಕ್ಷಿ. 1972 ರಲ್ಲಿ ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮ ಶುರುವಾಯಿತು. ಬೆಳೆದು ನೂರಾರು ಸರ್ಕಾರಿ ಶಾಲೆಗಳಿಗೆ ಹರಡಿತು. ಪರೀಕ್ಷೆಯ ರೀತಿಯನ್ನೇ ಬದಲಿಸಿದರು. 2002 ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಕೈಯಿಂದ ಕಲಿಯುವ ಶಾಲೆ ನಡೆಸಲು ಸಾಮಾನಿಗಿಂತ ಹೆಚ್ಚು ಬೇಕಾದದ್ದು ಅದನ್ನು ಉಳಿಸಿಕೊಳ್ಳುವ ಮನಸ್ಸು, ಅಲ್ಲವೆ? ಮಧುಗಿರಿಯ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋಗಿ ಹೈಸ್ಕೂಲು ಸೇರಿದ ಎಚ್. ನರಸಿಂಹಯ್ಯನವರು 1962 ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. ಅವರ ಆಸ್ತಿ ಒಂದೇ, ಪ್ರಶ್ನೆ ಕೇಳುವ ಅಭ್ಯಾಸ.

ಭಾಷೆಯ ಮಾತೂ ಇದೆ. ಪಾವಗಡದ ಬಹುಭಾಗವನ್ನು ಆಂಧ್ರ ಸುತ್ತಿಕೊಂಡಿದೆ. ಅಲ್ಲಿನ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಾನು ನೋಡಿದ ಟ್ಯಾಬಿನ ಹೃದಯ ಮಾತಾಡಿದ್ದು ಇಂಗ್ಲಿಷು, ಅದೂ ಅಮೆರಿಕದ ಇಂಗ್ಲಿಷು. ಹೃತ್ಕರ್ಣ ಹೃತ್ಕುಕ್ಷಿ ಎಂದು ಕನ್ನಡದಲ್ಲಿ ಪರೀಕ್ಷೆ ಬರೆಯಬೇಕಾದ ಮಗು ಆ ಚಿತ್ರದ ಮೇಲಿನ ಹೆಸರುಗಳನ್ನು ಓದಲೂ ಆಗದೆ ಬಾಯಿ ಬಿಟ್ಟುಕೊಂಡು ನೋಡಿತು. ಇದು ಆಗದ ಕೆಲಸವೇನಲ್ಲ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ಉಚಿತ ವಿಜ್ಞಾನ ಚಟುವಟಿಕೆಗಳಲ್ಲಿ ಹಲವು ಕನ್ನಡದಲ್ಲೂ ಇವೆ. ನಮ್ಮ ರಾಜ್ಯದಲ್ಲೇ ವಿಷಯ ಶಿಕ್ಷಕರ ವೇದಿಕೆ ಎಂದು ಹೈಸ್ಕೂಲು ಮೇಷ್ಟ್ರುಗಳನ್ನು ಸೇರಿಸಿ, ಉಚಿತ ತಂತ್ರಾಂಶ ಕಲಿಸಿ, ಅವರಿಂದಲೇ ಪಾಠದ ಸಾಮಗ್ರಿ ಬರೆಸಿದ ಕೆಲಸ ನಡೆದಿದೆ. ಯಂತ್ರ ಮೇಷ್ಟ್ರ ಕೈಯಲ್ಲಿದ್ದರೆ ಅದು ಮೇಷ್ಟ್ರ ಭಾಷೆಯಲ್ಲಿ ಮಾತಾಡುತ್ತದೆ. ಕಂಪನಿಯ ಕೈಯಲ್ಲಿದ್ದರೆ ಕಂಪನಿಯ ಭಾಷೆಯಲ್ಲಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಗುಂಪಿನವರು ತಲೆದೂಗುತ್ತಾರೆ. 'ಸರಿಯಾಗಿ ಹೇಳಿದಿರಿ, ಫೋನು ಮುಟ್ಟಿದರೆ ಹೆಣ್ಣುಮಕ್ಕಳು ಕೆಡುತ್ತಾರೆ, ಈ ಗೀಳೇ ಬೇಡ.' ಇಲ್ಲ ಸ್ವಾಮಿ, ನಾನು ನಿಮ್ಮ ಪಕ್ಷದವಳಲ್ಲ! ಹಿಂದೆ ಸೈಕಲ್ ಹತ್ತಿದರೆ ಕೆಡುತ್ತಾರೆ ಎಂದಿರಿ, ಕಾಗದ ಬರೆಯಲು ಕಲಿತರೆ ಕೆಡುತ್ತಾರೆ ಎಂದಿರಿ. ಗಂಡುಮಗ ರಾತ್ರಿಯೆಲ್ಲ ಫೋನಿನಲ್ಲಿ ಬಂದೂಕು ಹಿಡಿದು ಆಡುವಾಗ ಕೆಡದ ಮನೆ, ಮಗಳು ಅರ್ಧ ಗಂಟೆ ಹೃದಯದ ಕವಾಟ ನೋಡಿದರೆ ಹೇಗೆ ಕೆಡುತ್ತದೆ? ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿಗೆ 'ಸೈನ್ಸ್ ಯಾಕೆ, ಲ್ಯಾಬು ಅಂತ ಸಂಜೆಯಾಗುತ್ತೆ, ಬಸ್ಸಿಲ್ಲ, ಆರ್ಟ್ಸ್ ಸಾಕು' ಎಂದು ಹೇಳುವ ಮನೆಗಳೇ ಇವು. ನನ್ನ ಜಗಳ ಹುಡುಗಿಯ ಕೈಯಿಂದ ಯಂತ್ರ ಕಸಿಯುವುದಕ್ಕಲ್ಲ. ಅವಳ ಕೈಗೆ ಮೊದಲು ನಿಂಬೆಹಣ್ಣು, ಮೀಟರು, ಕುರಿಯ ಹೃದಯ ಬರಲಿ, ಆಮೇಲೆ ಯಂತ್ರವೂ ಬರಲಿ, ಅದೂ ಹುಡುಗನಿಗೆ ಬಂದಷ್ಟೇ ಹೊತ್ತು ಬರಲಿ ಎನ್ನುವುದಕ್ಕೆ.

ಹಾಗೆ ಬರುವ ಯಂತ್ರ ಹೇಗಿರಬಹುದು ಎಂಬುದಕ್ಕೂ ಒಂದು ಮಾದರಿ ಇದೆ. ಅಮೆರಿಕದ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಒಂದು ಮರಳಿನ ಪೆಟ್ಟಿಗೆ ಮಾಡಿದ್ದಾರೆ. ಪೆಟ್ಟಿಗೆಯ ಮೇಲೆ ಆಳ ಅಳೆಯುವ ಕ್ಯಾಮೆರಾ, ಒಂದು ಪ್ರೊಜೆಕ್ಟರು, ಒಂದು ಕಂಪ್ಯೂಟರು. ಮಕ್ಕಳು ಕೈಯಿಂದ ಮರಳು ಗುಡ್ಡೆ ಹಾಕಿದರೆ ಅದರ ಮೇಲೆ ಬೆಟ್ಟದ ಬಣ್ಣ, ಎತ್ತರದ ಗೆರೆಗಳು ತಾವಾಗಿ ಮೂಡುತ್ತವೆ. ಪೆಟ್ಟಿಗೆಯ ಮೇಲೆ ಅಂಗೈ ಹಿಡಿದರೆ ಬೆಳಕಿನ ಮಳೆ ಸುರಿದು, ಇಳಿಜಾರು ಹಿಡಿದು ಹರಿದು, ತಗ್ಗಿನಲ್ಲಿ ನಿಲ್ಲುತ್ತದೆ. ತಂತ್ರಾಂಶ ಉಚಿತ. ಫೋನು ಬೇಡ, ಹತ್ತು ಮಕ್ಕಳು ಒಟ್ಟಿಗೆ ಸುತ್ತ ನಿಂತು ಕೈ ಹಾಕಬಹುದು. ಮಧುಗಿರಿ ಬೆಟ್ಟ, ಚನ್ನರಾಯನದುರ್ಗ, ಮಿಡಿಗೇಶಿ ಬೆಟ್ಟಗಳನ್ನು ನಮ್ಮ ಮಕ್ಕಳು ಮರಳಿನಲ್ಲಿ ಕಟ್ಟಲಿ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಯಾವ ದಾರಿ ಹಿಡಿಯುತ್ತಾಳೆ, ಎಲ್ಲಿ ಏರಿ ಕಟ್ಟಿದರೆ ಕೆರೆ, ಎಲ್ಲಿ ಒಡೆದರೆ ಊರು ಮುಳುಗುತ್ತದೆ, ರಾಜಕಾಲುವೆ ಮುಚ್ಚಿ ಸೈಟು ಮಾಡಿದರೆ ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡಲಿ. ಅಂಥ ಪೆಟ್ಟಿಗೆ ಪ್ರತಿ ಶಾಲೆಗೂ ಬೇಕಿಲ್ಲ. ತಾಲ್ಲೂಕಿಗೊಂದು ಇದ್ದು, ಸರದಿಯಂತೆ ಶಾಲೆಗಳಿಗೆ ಹೋದರೂ ಸಾಕು. ಇಲ್ಲಿ ಯಂತ್ರ ಕೈಗೆ ದಾರಿ ತೋರಿಸುತ್ತದೆ, ಆ ವಿಮಾನದ ತಂತಿ ಜೋಡಿಸುವವರಿಗೆ ತೋರಿಸಿದ ಹಾಗೆಯೇ.

ನಾವು, ಅಂದರೆ ಪಟ್ಟಣದ ಅಮ್ಮಂದಿರು, ಇದರಲ್ಲಿ ಮಾಡುವುದೇನಿದೆ ಎಂದು ನೀವು ಕೇಳಬಹುದು. ಬಹಳವಿದೆ. ಶಾಲೆಯ ಪೋಷಕರ ಸಭೆಗೆ ನಮ್ಮನ್ನು ಕರೆಯುತ್ತಾರೆ. ನಾವು ಹೋಗಿ, ಹಾಜರಿ ಹಾಕಿ, ಕೊಟ್ಟ ಬಿಸ್ಕತ್ತು ತಿಂದು, ಗಂಡಸರು ಮಾತಾಡಿದ್ದನ್ನು ಕೇಳಿಕೊಂಡು ಬರುತ್ತೇವೆ. ಇನ್ನು ಮುಂದೆ ಹಾಗೆ ಬರಬೇಡಿ. 'ಡಿಜಿಟಲ್ ತರಗತಿ'ಗೆಂದು ಹೆಚ್ಚಿನ ಶುಲ್ಕ ಕೇಳುವ ಖಾಸಗಿ ಶಾಲೆಯಿರಲಿ, ದಾನಿಗಳು ಟ್ಯಾಬು ಕೊಟ್ಟ ಸರ್ಕಾರಿ ಶಾಲೆಯಿರಲಿ, ಎದ್ದು ನಿಂತು ಕೇಳಿ. ಈ ತಿಂಗಳು ನನ್ನ ಮಗಳು ಎಷ್ಟು ಪ್ರಯೋಗವನ್ನು ಸ್ವಂತ ಕೈಯಿಂದ ಮಾಡಿದಳು? ಟ್ಯಾಬು ಅವಳ ಕೈಯಲ್ಲಿ ಎಷ್ಟು ನಿಮಿಷ ಇತ್ತು, ಹುಡುಗರ ಕೈಯಲ್ಲಿ ಎಷ್ಟು? ಅದು ಕನ್ನಡ ಮಾತಾಡುತ್ತದೆಯೇ? ಅದನ್ನು ಬಳಸಲು ಮೇಷ್ಟ್ರಿಗೆ ಯಾರು, ಎಷ್ಟು ದಿನ ಕಲಿಸಿದರು? ಮೂರು ವರ್ಷದ ನಂತರ ಕೆಟ್ಟರೆ ರಿಪೇರಿಯ ದುಡ್ಡು ಯಾವ ಲೆಕ್ಕದಲ್ಲಿದೆ? ನಮ್ಮೂರ ನೀರನ್ನು ಈ ವರ್ಷ ತರಗತಿಯಲ್ಲಿ ಪರೀಕ್ಷಿಸಿದ್ದೀರಾ? ವಿಜ್ಞಾನದ ಮೇಷ್ಟ್ರ ಹುದ್ದೆ ಎಷ್ಟು ದಿನದಿಂದ ಖಾಲಿ ಇದೆ?

ಮೊದಲ ಸಲ ಕೇಳಿದಾಗ ನಗುತ್ತಾರೆ. ಎರಡನೆಯ ಸಲ 'ಅಮ್ಮಾವ್ರೇ, ಇದು ಟೆಕ್ನಿಕಲ್ ವಿಷಯ' ಎನ್ನುತ್ತಾರೆ. ಮೂರನೆಯ ಸಲಕ್ಕೆ ಪಕ್ಕದಲ್ಲಿ ಕೂತ ಇಬ್ಬರನ್ನು ಜೊತೆಗೆ ಎಬ್ಬಿಸಿಕೊಂಡು ಕೇಳಿ. ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ನೋಡಿ, ಆಮೇಲೆ ಸಹಿ ಹಾಕಿ.